ಕದ ತಟ್ಟದ ಓಣಿ

ಆರು ವರ್ಷ ನಾನು ಕಾರವಾರದಲ್ಲಿದ್ದೆ. ಅಥಣಿ ಕಡೆಯ ನೆಂಟರು ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದುದು ಒಂದೇ ಮಾತು. "ನಿನಗೇನವಾ, ದಿನಾ ಸಮುದ್ರ ನೋಡ್ಕೋತ ಆರಾಮ ಅದಿ!" ಅವರಿಗೆ ಏನಂತ ಹೇಳಲಿ? ನನ್ನ ಮನೆಗಿದ್ದುದು ಒಂದೇ ಕಿಟಕಿ. ಅದರಿಂದ ಕಾಣುತ್ತಿದ್ದುದು ಎದುರು ಮನೆಯ ಗೋಡೆ, ಆ ಗೋಡೆಗೆ ಕಟ್ಟಿದ ಹಗ್ಗ, ಹಗ್ಗದ ಮೇಲೆ ಪಕ್ಕದ ಮನೆಯ ಮಾವಶಿಯ ಲಂಗ. ಸಮುದ್ರ ಹತ್ತು ನಿಮಿಷದ ದಾರಿ. ನಾನು ಅದನ್ನು ನೋಡಲು ಹೋಗುತ್ತಿರಲಿಲ್ಲ, ಅದೇ ನನ್ನನ್ನು ನೋಡಲು ಮನೆಗೆ ಬರುತ್ತಿತ್ತು. ಹಪ್ಪಳ ಮೆತ್ತಗಾಗುತ್ತಿತ್ತು, ಛತ್ರಿಯ ಕಡ್ಡಿಗೆ ತುಕ್ಕು ಹಿಡಿಯುತ್ತಿತ್ತು, ತೊಳೆದು ಹಾಕಿದ ಸೀರೆ ಮೂರನೆಯ ದಿನವೂ ಹಸಿ ಇರುತ್ತಿತ್ತು.

ನನ್ನದು ಸರ್ವೆ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ. ಇಲ್ಲಿಯವರೆಗೆ ನಿನ್ನದು, ಇಲ್ಲಿಂದ ಅವನದು ಎಂದು ಊರವರ ಹೊಲ ಮನೆಗಳಿಗೆಲ್ಲ ಗೆರೆ ಹಾಕಿ ಕೊಡುವವಳು ನಾನು. ನನ್ನ ಮನೆ ಎಲ್ಲಿ ಮುಗಿಯುತ್ತದೆ, ಮಾವಶಿಯ ಮನೆ ಎಲ್ಲಿ ಶುರುವಾಗುತ್ತದೆ ಎಂಬುದು ಮಾತ್ರ ಆರು ವರ್ಷದಲ್ಲಿ ನನಗೆ ತಿಳಿಯಲಿಲ್ಲ. ಒಂದು ಭಾನುವಾರ ಸಿಟ್ಟಿಗೆದ್ದು ಟೇಪು ಹಿಡಿದು ಓಣಿಯನ್ನು ಅಳೆದಿದ್ದೆ. ಅಗಲ ಮೂರೂವರೆ ಅಡಿ. ಹದಿನಾಲ್ಕು ಮನೆ. ಗ್ಯಾಸಿನವನು ಸಿಲಿಂಡರು ಹೊತ್ತು ಬಂದರೆ ಎದುರಿಗೆ ಬರುವವರು ಯಾರದಾದರೂ ಮನೆಯೊಳಗೆ ಹೊಕ್ಕು ದಾರಿ ಬಿಡಬೇಕು. ಹೊಕ್ಕವರು ಸುಮ್ಮನೆ ಹೊರಗೆ ಬರುವುದಿಲ್ಲ. ಏನು ಸಾರು ಮಾಡಿದ್ದೀರಿ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡಿ ಬರುತ್ತಾರೆ.

ನನ್ನ ಮನೆಗೂ ಮಾವಶಿಯ ಮನೆಗೂ ನಡುವೆ ಒಂದೇ ಗೋಡೆ. ಗೋಡೆ ಅನ್ನುವುದು ಮರ್ಯಾದೆಗೆ. ನನ್ನ ಕುಕ್ಕರಿನ ಸೀಟಿಯನ್ನು ಆ ಕಡೆಯಿಂದ ಅವಳೇ ಎಣಿಸುತ್ತಿದ್ದಳು. "ತಂಗೀ, ನಾಲ್ಕಾಯ್ತು, ಬಂದ್ ಮಾಡು!" ನಾನು ಕೆಮ್ಮಿದರೆ ಅಲ್ಲಿಂದ ಶುಂಠಿ ಜಜ್ಜುವ ಸದ್ದು ಬರುತ್ತಿತ್ತು. ಓಣಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಆಗಿದ್ದ ಅವಳಿಗೆ ಐವತ್ತೈದರ ಮೇಲೆ ವಯಸ್ಸು. ಗಂಡ ಮೀನಿನ ಬೋಟಿನಲ್ಲಿ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಒಬ್ಬಳೇ ಮಗಳನ್ನು ಖಾನಾಪುರಕ್ಕೆ ಕೊಟ್ಟಿದ್ದಳು. ಹೀಗಾಗಿ ಅವಳ ಕಣ್ಣು ಕಿವಿ ಎರಡೂ ನನ್ನ ಮೇಲೆ.

ಎಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ಕದದ ವಿಷಯ. ಆ ಓಣಿಯಲ್ಲಿ ಯಾರೂ ಯಾರ ಕದವನ್ನೂ ತಟ್ಟುವುದಿಲ್ಲ. ದೂಡಿಕೊಂಡು ಒಳಗೆ ಬರುವುದೇ ಪದ್ಧತಿ. ಹೋದ ಹೊಸದರಲ್ಲಿ ಒಂದು ದಿನ ನಾನು ಚಿಲಕ ಹಾಕಿಕೊಂಡು ಸ್ನಾನ ಮಾಡುತ್ತಿದ್ದೆ. ಮಾವಶಿ ಬಂದು ಕದ ದೂಡಿದ್ದಾಳೆ, ತೆರೆದಿಲ್ಲ, ಗಾಬರಿಯಾಗಿ ಓಣಿಯನ್ನೆಲ್ಲ ಕೂಡಿಸಿದ್ದಾಳೆ. ನಾನು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದು ಕದ ತೆಗೆದರೆ ಹೊರಗೆ ಒಂಬತ್ತು ಜನ.

"ಎಂತ ಆಯ್ತು ತಂಗೀ? ಚಿಲಕ ಎಂತಕ್ಕೆ ಹಾಕಿದ್ದು?"

"ಜಳಕಾ ಮಾಡಾಕತ್ತಿದ್ದೆ ಮಾವಶಿ. ಬರೂ ಮುಂದ ಒಂದೀಟು ಕದಾ ಬಡದ್ರ ಏನಾಗ್ತೇತಿ?"

ಅವಳಿಗೆ ನಗು ತಡೆಯಲಿಲ್ಲ. "ಕದ ಬಡಿಯೂದು ಯಾರು? ಮೀಟರ್ ನೋಡೂಕೆ ಬರೂವವ, ಪೊಲೀಸ, ಇಲ್ಲಾ ಸಾವಿನ ಸುದ್ದಿ ತರೂವವ. ನಮ್ಮೋರು ಎಂತಕ್ಕೆ ಬಡೀಬೇಕು?"

ಅಂದಿನಿಂದ ಚಿಲಕ ಹಾಕುವುದನ್ನು ಬಿಟ್ಟೆ. ಬಿಟ್ಟೆ ಅನ್ನುವುದಕ್ಕಿಂತ ಸೋತೆ.

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಎರಡನೆಯ ವರ್ಷದ ಮಳೆಗಾಲದಲ್ಲಿ ನನಗೆ ಜ್ವರ ಬಂದು ಮಲಗಿದಾಗ ಒಂಬತ್ತು ದಿನ ಗಂಜಿ ಹಾಕಿದವಳು ಅದೇ ಮಾವಶಿ. ನಮ್ಮದು ತತ್ತಿಯನ್ನೂ ಮುಟ್ಟದ ಮನೆತನ. ತನ್ನ ಪಾತ್ರೆಗಳಲ್ಲೆಲ್ಲ ಮೀನು ಬೆಂದಿದೆ ಎಂದು ಅವಳು ಪೇಟೆಗೆ ಹೋಗಿ ನನಗಾಗಿಯೇ ಹೊಸದೊಂದು ಸ್ಟೀಲಿನ ಪಾತೇಲಿ ತಂದಳು. ಆಮೇಲೂ ಆ ಪಾತೇಲಿ ಅವಳ ಅಡುಗೆಮನೆಯಲ್ಲಿ ಬೇರೆಯೇ ಮೊಳೆಗೆ ತೂಗುತ್ತಿತ್ತು. ಅದರಲ್ಲಿ ನನ್ನ ಹೊರತು ಯಾರಿಗೂ ಏನೂ ಬೇಯುತ್ತಿರಲಿಲ್ಲ. ಇಷ್ಟೆಲ್ಲ ಮಾಡಿದವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಸಿಟ್ಟಂತೂ ದಿನಾ ಬರುತ್ತಿತ್ತು. ಬಂದ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಇನ್ನಷ್ಟು ಬರುತ್ತಿತ್ತು.

ನಮ್ಮನೆಯವರು ಬೆಳಗಾವಿಯ ಆಟೋ ನಗರದಲ್ಲಿ ಲಾರಿ ಇಂಜಿನು ಬಿಚ್ಚಿ ಕಟ್ಟುವ ಕೆಲಸ ಮಾಡುತ್ತಾರೆ. ಗ್ಯಾರೇಜಿನ ಮೇಲಿನ ಒಂದು ಖೋಲಿಯಲ್ಲಿ ಮೂವರ ಜೊತೆ ಇದ್ದರು. ಅಲ್ಲಿ ಹೆಂಗಸರು ಹೋಗುವ ಹಾಗಿಲ್ಲ. ತಿಂಗಳಿಗೊಮ್ಮೆ ನಾನು ಬೆಳಗಿನ ಬಸ್ಸಿಗೆ ಘಟ್ಟ ಹತ್ತಿ ಹೋಗುತ್ತಿದ್ದೆ. ಇಬ್ಬರೂ ಖಾನಾವಳಿಯಲ್ಲಿ ರೊಟ್ಟಿ ತಿಂದು, ಕೋಟೆ ಕೆರೆಯ ದಂಡೆಯ ಮೇಲೆ ಕಾಲೇಜು ಹುಡುಗರ ನಡುವೆ ಕೂತು, ಮಧ್ಯಾಹ್ನದ ಬಸ್ಸಿಗೆ ನಾನು ಮರಳುತ್ತಿದ್ದೆ. ನಲವತ್ತು ದಾಟಿದ ಗಂಡ ಹೆಂಡತಿ. ಅಲ್ಲಿ ಕಡಲೆಕಾಯಿ ಮಾರುವವನು ನಮ್ಮನ್ನು ನೋಡಿ ನಗುತ್ತಿದ್ದ.

ಅವರೇ ಕಾರವಾರಕ್ಕೆ ಬಂದರೆ ಓಣಿಗೆ ಹಬ್ಬ. ಹದಿನಾಲ್ಕು ಮನೆಯವರೂ ಬಂದು "ಜಾವಯಿ" ಎಂದು ಅಳಿಯನನ್ನು ಮಾತಾಡಿಸಿ ಹೋಗಬೇಕು. ನಮಗೆ ಜಗಳ ಮಾಡಲಿಕ್ಕೂ ಬಿಡಲಿಲ್ಲ ಅವರು. ಒಮ್ಮೆ ಯಾವುದೋ ಮಾತಿಗೆ ನಾನು ದನಿ ಏರಿಸಿದ್ದೇ ತಡ, ಗೋಡೆಯ ಆಚೆಯಿಂದ ಮಾವಶಿ, "ತಂಗೀ, ಅವ ಹೇಳೂದ್ರಲ್ಲಿ ತಪ್ಪೆಂತ ಉಂಟು?" ಎಂದಳು. ನಮ್ಮನೆಯವರು ಗೋಡೆಗೆ ಕೈ ಮುಗಿದರು. ಅವತ್ತಿನಿಂದ ನಾವಿಬ್ಬರೂ ಪಿಸುಮಾತಿನಲ್ಲೇ ಸಂಸಾರ ಮಾಡಿದೆವು.

ಇಂಥ ಹೊತ್ತಿನಲ್ಲಿ ನನಗೆ ಬೆಳಗಾವಿಗೆ ವರ್ಗವಾಯಿತು. ಮೇ ತಿಂಗಳಲ್ಲಿ ಆದೇಶ ಬಂತು, ಜೂನ್ ಮುಗಿಯುವುದರೊಳಗೆ ಹಾಜರಾಗಬೇಕು. ಇನ್ನು ಬೇಕಾದದ್ದು ಒಂದು ಬಾಡಿಗೆ ಮನೆ. ಗಂಡ ಹೆಂಡತಿ ಒಂದೇ ಸೂರಿನ ಕೆಳಗೆ, ಚಿಲಕ ಇರುವ ಕದದ ಹಿಂದೆ, ದನಿ ಎತ್ತಿ ಮಾತಾಡುವಂಥ ಮನೆ. ಅದೇನು ದೊಡ್ಡ ಆಸೆಯೇ? ಬೆಳಗಾವಿಯಲ್ಲಿ ಅದೂ ದೊಡ್ಡದೇ ಆಯಿತು. ನಮ್ಮನೆಯವರು ನಾಲ್ಕು ಕಡೆ ಹೋಗಿ ಬಂದರು. ಒಬ್ಬರು ಉಗುರಿನ ಸಂದಿಯ ಗ್ರೀಸು ನೋಡಿ ಬೇಡ ಎಂದರು. ಇನ್ನೊಬ್ಬರು ಮಕ್ಕಳಿಲ್ಲದವರಿಗೆ ಕೊಡುವುದಿಲ್ಲ ಎಂದರು, ಮತ್ತೊಬ್ಬರು ಮಕ್ಕಳಿದ್ದರೆ ಕೊಡುವುದಿಲ್ಲ ಎಂದರು. ಕೊನೆಗೆ ಹೊಸ ಬಡಾವಣೆಯೊಂದರಲ್ಲಿ ಒಂದು ಮನೆ ಕುದುರುವ ಹಾಗಾಯಿತು. ಮೇಲಿನ ಅಂತಸ್ತು, ಎರಡು ಕೋಣೆ, ಮೂರು ಕಡೆ ಗಾಳಿ. ಮಾಲಕಿ ಹಿರಿಯ ಹೆಂಗಸು. "ಮನಿ ನಡಸೂ ಹೆಣ್ಮಗಳನ್ನ ನೋಡಬೇಕು. ಐತವಾರ ಹನ್ನೊಂದಕ್ಕ ಕರಕೊಂಡ ಬರ್ರಿ. ಹನ್ನೊಂದೂವರಿಗೆ ಮತ್ತೊಬ್ರು ಬರೂರದಾರ," ಎಂದಿದ್ದರಂತೆ. ಆ ಭಾನುವಾರವೇ ನಮ್ಮನೆಯವರಿಗೆ ಇಂಜಿನಿನ ಸಾಮಾನು ತರಲು ಕೊಲ್ಲಾಪುರಕ್ಕೆ ಹೋಗಬೇಕಾಗಿ ಬಂತು. ನಾನೊಬ್ಬಳೇ ಹೋಗುವುದೆಂದಾಯಿತು.

ಶನಿವಾರ ಸಂಜೆಯೊಳಗೆ ಸುದ್ದಿ ಓಣಿಯನ್ನೆಲ್ಲ ತಿರುಗಿತ್ತು. ಮಾವಶಿ ಕದ ದೂಡಿಕೊಂಡು ಬಂದಳು.

"ಮನೆ ಆದ್ರೆ ಹಾಲುಕ್ಕಿಸೂಕೆ ನಾವೆಲ್ಲ ಬರೂದೇ. ಟೆಂಪೋ ಮಾತಾಡ್ತೆ ನಾನು. ತಾಯಿ ಮನೆಯೋರು ಬರದೆ ಹಾಲು ಉಕ್ಕೂದಾ?"

"ಮೊದಲ ಮನಿ ಆಗ್ಲಿ ಮಾವಶಿ," ಎಂದೆ. ಹದಿನಾಲ್ಕು ಮನೆಯವರು ಟೆಂಪೋದಿಂದ ಇಳಿಯುವುದು ಕಣ್ಣ ಮುಂದೆ ಬಂದು ನನಗೆ ಸಾಕುಸಾಕಾಗಿತ್ತು.

ಅವಳು ಒಂದು ಬಟ್ಟೆಯ ಚೀಲ ಮುಂದೆ ಹಿಡಿದಳು. ಒಳಗೊಂದು ಕುಂದಾ ಡಬ್ಬಿ. ಪ್ರತಿ ತಿಂಗಳು ನಾನೇ ಬೆಳಗಾವಿಯಿಂದ ಕುಂದಾ ತಂದು ಓಣಿಗೆ ಹಂಚುತ್ತಿದ್ದೆ. ಆ ರಟ್ಟಿನ ಡಬ್ಬಿಗಳಲ್ಲಿ ಒಂದನ್ನೂ ಮಾವಶಿ ಎಸೆದಿರಲಿಲ್ಲ. ಎಲ್ಲ ಒರೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಕಪಾಟಿನ ಮೇಲೆ ಪೇರಿಸಿದ್ದಳು. ಸೂಜಿ ದಾರದಿಂದ ಹಿಡಿದು ಹುಣಸೆಹಣ್ಣಿನವರೆಗೆ ಅವಳ ಮನೆಯಲ್ಲಿ ಎಲ್ಲದಕ್ಕೂ ಕುಂದಾ ಡಬ್ಬಿಯೇ.

"ಮಗಳಿಗೆ ಐದು ತಿಂಗಳಲ್ವಾ? ಕಾಯಿ ಬರ್ಫಿ ಮಾಡಿದೆ. ಹೋಗೂವಾಗ ಖಾನಾಪುರದಲ್ಲಿ ಇಳಿದು ಕೊಟ್ಟು ಹೋಗು."

"ಹೋಗೂ ಮುಂದ ಆಗಾಂಗಿಲ್ಲ, ಹನ್ನೊಂದಕ್ಕ ಬೆಳಗಾವ್ಯಾಗ ಇರಬೇಕು. ಬರೂ ಮುಂದ ಕೊಟ್ಟ ಬರ್ತೀನಿ. ಮೀನಾ ಏನ ಇಲ್ಲಲ್ಲ ಇದರಾಗ?"

ಅದೊಂದು ಮಾತ್ರ ನನ್ನ ಕಟ್ಟುನಿಟ್ಟು. ಓಣಿಯ ಯಾವ ಗಂಟನ್ನಾದರೂ ಒಯ್ಯುತ್ತೇನೆ, ಮೀನು ಮಾತ್ರ ಇಲ್ಲ. ಆರು ವರ್ಷ ಅವಳು ಆ ಮಾತನ್ನು ಮೀರಿರಲಿಲ್ಲ.

"ಬರ್ಫಿ ಅಂದ್ನಲ್ಲ," ಎಂದಳು. ನನ್ನ ಮುಖ ನೋಡಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು.

ಮೇ ತಿಂಗಳಲ್ಲಿ ಆ ಓಣಿಯಲ್ಲಿ ಏನು ನಡೆಯುತ್ತದೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಮಳೆ ಹಿಡಿದರೆ ಬೋಟು ಇಳಿಯುವುದಿಲ್ಲ. ಅದಕ್ಕೇ ಪ್ರತಿ ಮನೆಯ ಮಾಡಿನ ಮೇಲೂ ಮೀನು, ಸಿಗಡಿ ಒಣಗಿಸಿ ನಾಲ್ಕು ತಿಂಗಳಿಗೆ ಸಾಕಾಗುವಷ್ಟು ಕೂಡಿಟ್ಟುಕೊಳ್ಳುತ್ತಾರೆ. ಕೊಟ್ಟ ಮಗಳಿಗೆ ಅದರಲ್ಲಿ ಪಾಲು ಕಳಿಸಲೇಬೇಕು. ಬಸುರಿ ಮಗಳಾದರಂತೂ ಕೇಳುವುದೇ ಬೇಡ. ಇಷ್ಟೆಲ್ಲ ಗೊತ್ತಿದ್ದೂ ನಾನು ಬರ್ಫಿಯನ್ನು ನಂಬಿದೆ. ಮನೆಯ ಚಿಂತೆಯಲ್ಲಿ ಬುದ್ಧಿ ಮಂಕಾಗಿತ್ತು.

ಬೆಳಗಿನ ಬಸ್ಸು ಘಟ್ಟ ಹತ್ತಿದ ಮೇಲೆ ಬಿಸಿಲು ಏರಿತು, ಅದರೊಂದಿಗೆ ಒಂದು ವಾಸನೆಯೂ ಎದ್ದಿತು. ಮುಂದಿನ ಸೀಟಿನವರು ಹಿಂದೆ ತಿರುಗಿ ನೋಡಿದರು. ನಾನು ಪಕ್ಕದಲ್ಲಿ ಕೂತಿದ್ದ ಹೆಂಗಸನ್ನು ನೋಡಿದೆ. ಅವಳ ಕಾಲ ಬಳಿ ದೊಡ್ಡದೊಂದು ಬುಟ್ಟಿ ಇತ್ತು. ಕಂಡಕ್ಟರು ಬಂದು, "ಯಾರದ್ರಿ ಅದು, ಮೇಲ ಇಡ್ರಿ," ಎಂದಾಗ ನಾನೇ ಕಣ್ಣಿನಲ್ಲಿ ಅವಳ ಬುಟ್ಟಿ ತೋರಿಸಿದೆ. ಅವಳು ಬುಟ್ಟಿಯ ಬಟ್ಟೆ ಸರಿಸಿದಳು. ಒಳಗೆ ಮಾವಿನಹಣ್ಣು. ಆಗಲೂ ನನಗೆ ಹೊಳೆಯಲಿಲ್ಲ. ಸೀರೆಯ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕರಾವಳಿಯ ಜನಕ್ಕೆ ಬಸ್ಸಿನಲ್ಲಿ ಹೇಗೆ ಬರಬೇಕೆಂಬುದೇ ತಿಳಿಯುವುದಿಲ್ಲ ಎಂದುಕೊಳ್ಳುತ್ತ ಬೆಳಗಾವಿ ಮುಟ್ಟಿದೆ.

ಬರಿಗೈಯಲ್ಲಿ ಹೋಗಬಾರದೆಂದು ಯಾವಾಗಲೂ ಕೊಳ್ಳುವ ಅಂಗಡಿಯಲ್ಲೇ ಅರ್ಧ ಕಿಲೋ ಕುಂದಾ ಕಟ್ಟಿಸಿಕೊಂಡೆ. ಅದೇ ಬಣ್ಣದ ಡಬ್ಬಿ, ಅದೇ ದಾರ. ಎರಡೂ ಒಂದೇ ಚೀಲದಲ್ಲಿ ಕೂತವು. ಅದಲುಬದಲಾದರೂ ಏನು, ಎರಡೂ ಸಿಹಿಯೇ ಎಂದುಕೊಂಡೆ.

ಮನೆ ನೋಡಿದ ಕೂಡಲೆ ನನ್ನ ಕಾಲು ಅಲ್ಲೇ ನೆಟ್ಟವು. ಕಿಟಕಿ ತೆಗೆದರೆ ಗುಲ್‌ಮೊಹರ್ ಮರ. ಪಕ್ಕದ ಮನೆ ಇಪ್ಪತ್ತು ಅಡಿ ದೂರ, ಕಣ್ಣಳತೆಯಲ್ಲೇ ಹೇಳಬಲ್ಲೆ. ಕದಕ್ಕೆ ಹಿತ್ತಾಳೆಯ ದಪ್ಪ ಚಿಲಕ. ಅದನ್ನು ಎರಡು ಸಲ ಹಾಕಿ ತೆಗೆದು ನೋಡಿದೆ.

ಕೆಳಗೆ ಮಾಲಕಿ ನನ್ನನ್ನು ಸೋಫಾದ ಮೇಲೆ ಕೂಡಿಸಿ ವಿಚಾರಣೆ ಶುರು ಮಾಡಿದರು.

"ಕುಂದರ್ರಿ. ಯಾರ ಪೈಕಿ ನೀವು?"

ಹೇಳಿದೆ.

"ಹಂಗಾದ್ರ ಚಲೋ ಆತು. ಮತ್ತ ಕಾರವಾರದಾಗ ಇದ್ದೀನಿ ಅಂತೀರಿ, ಅಲ್ಲಿ ಎಲ್ಲಾರೂ ಅದನ್ನ ತಿಂತಾರಲ್ಲ?"

"ನಾವು ತತ್ತೀನೂ ಮುಟ್ಟಂಗಿಲ್ರಿ ಅವ್ವಾರ."

ಅವರ ಮುಖ ಅರಳಿತು. ಒಳಗೆ ಹೋಗಿ ಚಹಾ ತಂದರು. ನಾನು ಡಬ್ಬಿ ತೆಗೆದು ಎರಡೂ ಕೈಯಲ್ಲಿ ಕೊಟ್ಟೆ. ಕೈಗೆ ಸ್ವಲ್ಪ ಹಗುರ ಅನಿಸಿತು. ಆದರೆ ತೂಕ ನೋಡುವ ಹೊತ್ತೇ ಅದು? ಅವರು ದೇವರ ಮುಂದೆ ಇಡಬೇಕೆಂದು ದೇವರ ಕಟ್ಟೆಯ ಹತ್ತಿರ ಹೋಗಿ ದಾರ ಬಿಚ್ಚಿದರು. ಒಂದು ಪ್ಲಾಸ್ಟಿಕ್ ಬಿಚ್ಚಿದರು, ಇನ್ನೊಂದು ಬಿಚ್ಚಿದರು, ಮೂರನೆಯದನ್ನೂ ಬಿಚ್ಚಿದರು.

ಒಣ ಸಿಗಡಿ. ಮೀಸೆ ಕಣ್ಣು ಸಮೇತ. ಅದೂ ದೇವರ ಕಟ್ಟೆಯ ಮೇಲೆ.

ಆಗ ಎದ್ದ ವಾಸನೆಯನ್ನು ನಾನು ಬೆಳಗಿನಿಂದ ಬಲ್ಲೆ. ಮಾವಿನಹಣ್ಣಿನ ಹೆಂಗಸೂ ಆ ಕ್ಷಣಕ್ಕೇ ನೆನಪಾದಳು. ಮಾಲಕಿ ಗಂಟಲಲ್ಲಿ ಸದ್ದು ಮಾಡುತ್ತ ಹಿಂದೆ ಸರಿದರು. ನನ್ನ ಕಣ್ಣ ಮುಂದೆ ಹಿತ್ತಾಳೆಯ ಚಿಲಕ, ಗುಲ್‌ಮೊಹರ್, ಕೋಟೆ ಕೆರೆಯ ಕಡಲೆಕಾಯಿಯವನು ಎಲ್ಲರೂ ಒಟ್ಟಿಗೇ ಓಡಿದರು. ಮನೆ ಹೋಯಿತು ಎಂದುಕೊಂಡೆ. ಬಾಯಿ ತನ್ನಷ್ಟಕ್ಕೆ ತಾನೇ ಮಾತಾಡಿತು.

"ಅದು ನಮ್ದಲ್ರೀ ಅವ್ವಾರ! ನಮ್ಮ ಬಾಜೂ ಮನಿಯಾಕಿ ಸುಳ್ಳ ಹೇಳಿ ಚೀಲದಾಗ ಹಾಕ್ಯಾಳ. ಆ ಮಂದಿ ಇರೂದ ಹಂಗ್ರಿ, ಹೇಸಿಗಿ ಅನ್ನೂದ ಇಲ್ಲ. ನಾವು ಅಂಥಾ ಮಂದಿ ಅಲ್ರಿ!"

ಮಾಲಕಿ ನನ್ನ ಮುಖ ನೋಡಿದರು. ನನಗೆ ಕಣ್ಣಲ್ಲಿ ನೀರು ಬಂದಿತ್ತು. ಅದೇ ನನಗೆ ಸಾಕ್ಷಿಯಾಯಿತೇನೋ.

"ಹೋಗ್ಲಿ ಬಿಡ್ರಿ. ನಿಮ್ಮ ಮಾರಿ ನೋಡಿದ್ರ ತಿಳೀತೇತಿ. ಆದ್ರ ಒಂದ ಮಾತು. ಅಂಥಾ ಮಂದಿ ಇಲ್ಲಿ ಬಂದು ಹೋಗಿ ಮಾಡೂದು ನಮಗ ನಡ್ಯಾಂಗಿಲ್ಲ."

"ಅವ್ರು ಯಾಕ ಬರ್ತಾರ್ರಿ ಇಲ್ಲಿತನಾ," ಎಂದೆ.

ಮನೆ ನಮ್ಮದಾಯಿತು. ಡಬ್ಬಿಯನ್ನು ಹಳೆಯ ಪೇಪರಿನಲ್ಲಿ ಹಿಡಿದು ನಾನೇ ಎತ್ತಿಕೊಂಡೆ, ಕಟ್ಟೆಯನ್ನು ಎರಡು ಸಲ ತೊಳೆದೆ, ಹೊರಗಿನ ನಲ್ಲಿಯಲ್ಲಿ ಕೈ ಉಜ್ಜಿಕೊಂಡೆ, ಖರೇ ಕುಂದಾ ಡಬ್ಬಿ ಒಳಗಿಟ್ಟು ಬಂದೆ.

ಖಾನಾಪುರದವರೆಗೂ ಮಾವಶಿಯನ್ನು ಬೈಯುತ್ತಲೇ ಹೋದೆ. ಮಗಳ ಗಂಡನ ಮನೆ ದೊಡ್ಡದು. ಅಂಗಳ, ಪಡಸಾಲೆ, ಅವಳಿಗೇ ಬೇರೆ ಕೋಣೆ. ಎಲ್ಲರೂ ಹೊಲಕ್ಕೆ ಹೋಗಿದ್ದರು. ನಾನು ಆ ಕೋಣೆಯ ಕದ ತಟ್ಟಿದೆ. ಒಳಗಿನಿಂದ ಹೆದರಿದ ದನಿಯಲ್ಲಿ, "ಕೋಣ್? ಯಾರದು?" ಎಂದಳು. ಕದ ತೆಗೆದು ನನ್ನನ್ನು ಕಂಡು ನಕ್ಕಳು.

"ನೀವಾ ಅಕ್ಕಾ? ಕದ ಎಂತಕ್ಕೆ ಬಡಿದ್ರಿ? ಇಲ್ಲಿ ಎಲ್ಲರೂ ಬಡೀತಾರೆ, ಪ್ರತಿ ಸಲ ನಂಗೆ ಎದೆ ಧಸಕ್ ಅಂತದೆ."

ಬೈಯಬೇಕೆಂದುಕೊಂಡದ್ದನ್ನೆಲ್ಲ ನುಂಗಿ ಡಬ್ಬಿ ಕೊಟ್ಟೆ. ಅವಳು ತೆರೆದಳು, ಮೂಗಿಗೆ ಹಿಡಿದಳು, ಒಂದನ್ನು ಹುರಿಯದೆ ಹಾಗೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಆಯಿಗೆ ಹದಿನೈದು ದಿನದಿಂದ ಕೇಳ್ತಾ ಇದ್ದೆ. ಅಕ್ಕ ಒಯ್ಯೂದಿಲ್ಲ, ಅವರಿಗೆ ಆಗೂದಿಲ್ಲ ಅಂತಿದ್ಳು." ಆಮೇಲೆ, "ಮನೆ ಆಯ್ತಾ? ಹಾಲುಕ್ಕಿಸೂ ದಿವಸ ನಾನೂ ಬರ್ತೆ. ಟೆಂಪೋ ಖಾನಾಪುರದ ಮೇಲೇ ಬರ್ತದಂತೆ," ಎಂದಳು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಕಾರವಾರ ಮುಟ್ಟಿದಾಗ ಎಂಟೂವರೆ. ಮಾವಶಿಯ ಮನೆಯಲ್ಲಿ ಟಿವಿ ನಡೆದಿತ್ತು. ಕೈಕಾಲು ತೊಳೆದು ನಮ್ಮನೆಯವರಿಗೆ ಫೋನು ಹಚ್ಚಿದೆ. ಆರು ವರ್ಷದ ಪಿಸುಮಾತಿನ ರೂಢಿ ಆ ಖುಷಿಯಲ್ಲಿ ಎತ್ತ ಹೋಯಿತೋ. ಬಸ್ಸಿನ ವಾಸನೆ, ಮೂರು ಪ್ಲಾಸ್ಟಿಕ್ಕು, ಮಾಲಕಿಯ ಮುಖ, ಎಲ್ಲವನ್ನೂ ನಗೆಯಾಡುತ್ತ ಹೇಳಿದೆ. ಅವರೂ ನಕ್ಕರು.

"ಮತ್ತ ಹೆಂಗ ಒಪ್ಪಿದ್ರು?"

"ನಾವು ಅಂಥಾ ಮಂದಿ ಅಲ್ರಿ ಅಂದೆ. ಆ ಮಂದಿಗೆ ಹೇಸಿಗಿ ಅನ್ನೂದ ಇಲ್ಲ ಅಂದೆ. ಅವ್ರು ಇಲ್ಲಿ ಬರಬಾರದು ಅಂದ್ರು. ಯಾಕ ಬರ್ತಾರ್ರಿ ಅಂದೆ. ಮನಿ ಆತು ನೋಡ್ರಿ!"

ಫೋನಿನ ಆ ಕಡೆ ಅವರು ಏನೋ ಹೇಳುತ್ತಿದ್ದರು. ನನಗೆ ಕೇಳಿಸಲಿಲ್ಲ. ಗೋಡೆಯ ಆಚೆ ಟಿವಿ ಬಂದಾಗಿತ್ತು. ಅದು ಯಾವಾಗ ಬಂದಾಯಿತೋ ನನಗೆ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಕದ ತಟ್ಟಿದ ಸದ್ದಾಯಿತು. ಮೀಟರಿನವನು ಇಷ್ಟು ಬೇಗ ಬಂದನೇ ಎಂದುಕೊಂಡು ಹೋಗಿ ತೆಗೆದೆ. ಹೊರಗೆ ಮಾವಶಿ. ಕೈಯಲ್ಲಿ ಆ ಸ್ಟೀಲಿನ ಪಾತೇಲಿ, ಥಳಥಳ ಬೆಳಗಿದ್ದಳು.

"ಇದು ನಿಂದು ತಂಗೀ. ಹೊಸ ಮನೆಗೆ ತಕ್ಕೊಂಡು ಹೋಗು. ಇದ್ರಲ್ಲಿ ನಾವು ಎಂತದೂ ಬೇಯಿಸಲಿಲ್ಲ."

"ಒಳಗ ಬಾ ಮಾವಶಿ."

"ಇಲ್ಲ, ಕೆಲಸ ಉಂಟು. ಮತ್ತೆ ಹಾಲುಕ್ಕಿಸೂಕೆ ಬರೂದು ಆಗೂದಿಲ್ಲ ಅನಿಸ್ತದೆ. ಮೊಣಕಾಲು ನೋವು. ಘಟ್ಟದ ದಾರಿ ತಡೀಲಿಕ್ಕಿಲ್ಲ. ಬರ್ಫಿ ಅಂದದ್ದು ನನ್ನ ತಪ್ಪೇ."

ಹಿಂದಿನ ವಾರವಷ್ಟೇ ಏಣಿ ಹತ್ತಿ ಮಾಡಿನ ಮೇಲೆ ಸಿಗಡಿ ಹರವಿದ್ದ ಹೆಂಗಸು. ನನ್ನ ಕೈಗೆ ಪಾತೇಲಿ ಕೊಟ್ಟು, ಹೊಸ್ತಿಲು ಮುಟ್ಟದೆ ತಿರುಗಿ ಹೋದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವಳ ಮೇಲಲ್ಲ. ಮಾಲಕಿಯ ಮೇಲೂ ಅಲ್ಲ, ಆಕೆ ತನ್ನ ಮನೆಗೆ ತನ್ನ ಕಾಯಿದೆ ಹೇಳಿದ್ದಳು. ಹೇಸಿಗೆ ಎಂಬ ಶಬ್ದವನ್ನು ಆಕೆ ಆಡಿರಲಿಲ್ಲ, ನಾನು ಆಡಿದ್ದೆ. ಒಂಬತ್ತು ದಿನ ಗಂಜಿ ಕುಡಿದ ಬಾಯಿಯಿಂದ ಆಡಿದ್ದೆ.

ಫೋನು ತೆಗೆದುಕೊಂಡು ಆ ಗೋಡೆಗೇ ಬೆನ್ನು ಹಚ್ಚಿ ಕೂತು, ಹದಿನಾಲ್ಕು ಮನೆಗೂ ಕೇಳುವ ಹಾಗೆ ಮಾತಾಡಿದೆ.

"ರೀ, ಆ ಮನಿ ಬ್ಯಾಡ. ಮಾಲಕರಿಗೆ ಹೇಳಿಬಿಡ್ರಿ."

"ಹುಚ್ಚು ಹಿಡದೈತೇನ ನಿನಗ? ಅಂಥಾ ಮನಿ ಎಲ್ಲಿ ಸಿಗ್ತೇತಿ?"

"ಸಿಗದಿದ್ರ ಕೋಟಿ ಕೆರಿ ದಂಡಿ ಮ್ಯಾಲ ಇರೂಣು. ನಮ್ಮ ಮಾವಶಿ ಬರದ ಮನಿ ನನಗ ಬ್ಯಾಡ!"

ಅವತ್ತು ನನ್ನ ಕುಕ್ಕರು ಏಳು ಸೀಟಿ ಹಾಕಿತು, ಯಾರೂ ಎಣಿಸಲಿಲ್ಲ.

ನಮ್ಮನೆಯವರು ಎಂಟು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಜೂನ್ ಮುಗಿಯುವ ಹೊತ್ತಿಗೆ ಬೆಳಗಾವಿಯ ಶಹಾಪುರ ಪೇಟೆಯಲ್ಲಿ ಒಂದು ಮನೆ ಹಿಡಿದರು. ಎರಡು ಖೋಲಿ. ಅದರ ಕೆಳಗೆ ನಾಲ್ಕು ವಿದ್ಯುತ್ ಮಗ್ಗ. ಹಗಲೆಲ್ಲ ಖಟಖಟ, ನೆಲ ಅಲುಗುತ್ತದೆ, ದನಿ ಎತ್ತಿ ಮಾತಾಡಿದರೂ ಒಬ್ಬರದು ಒಬ್ಬರಿಗೆ ಕೇಳುವುದಿಲ್ಲ. ಮಾಲಕ ನೇಕಾರ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸಪ್ಪಳ ನಡೀತೇತೇನ್ರಿ ನಿಮಗ?" ಆರು ವರ್ಷ ಹಂಬಲಿಸಿದ ಚಿಲಕ ಆ ಕದಕ್ಕೆ ಇದೆ, ಕದ ತೇವಕ್ಕೆ ಉಬ್ಬಿ ಅದು ಬೀಳುವುದಿಲ್ಲ ಅಷ್ಟೇ.

ಓಣಿ ಬಿಡುವ ಹಿಂದಿನ ದಿನ ನಾನು ಮಾವಶಿಯ ಕದ ದೂಡಿಕೊಂಡು ಒಳಗೆ ಹೋದೆ. ಆರು ವರ್ಷದಲ್ಲಿ ಒಮ್ಮೆಯೂ ಹಾಗೆ ಹೋಗಿರಲಿಲ್ಲ, ಆ ಓಣಿಯಲ್ಲಿ ನಾನೊಬ್ಬಳು ಯಾವಾಗಲೂ ತಟ್ಟಿ ನಿಲ್ಲುತ್ತಿದ್ದೆ, ಅವಳು ನಗುತ್ತಿದ್ದಳು. "ತಪ್ಪಾತು ಮಾವಶಿ. ನೀ ಬರದಿದ್ರ ಹಾಲ ಉಕ್ಕಸಂಗಿಲ್ಲ ನಾನು," ಎಂದೆ. ಅವಳು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಲೆ ಎತ್ತದೆ, "ಮೊಣಕಾಲು ಈಗ ಅಡ್ಡಿಲ್ಲ," ಎಂದಳು.

ಬಂದಳು. ಘಟ್ಟದಂಚಿನ ಜಾಂಬೋಟಿ ಕಡೆಯ ಮಳೆ ಬೆಳಗಾವಿಯವರೆಗೂ ಬಂದಿದ್ದ ದಿನ. ಟೆಂಪೋದಿಂದ ಹನ್ನೊಂದು ಜನ ಇಳಿದರು. ಖಾನಾಪುರದಲ್ಲಿ ಹತ್ತಿದ ಬಸುರಿ ಮಗಳೂ ಇದ್ದಳು. ಅವರು ಬರಲೆಂದು ನಾನು ಕದವನ್ನು ಹಾರು ಹೊಡೆದು ತೆರೆದಿಟ್ಟಿದ್ದೆ. ಗಾಳಿಗೆ ಮುಚ್ಚಿಕೊಳ್ಳದಿರಲೆಂದು ಕದಕ್ಕೆ ಕಲ್ಲು ಕೊಟ್ಟಿದ್ದೆ. ಒಲೆಯ ಮೇಲೆ ಅದೇ ಪಾತೇಲಿಯಲ್ಲಿ ಹಾಲು ಇತ್ತು. ಉಳಿದವರೆಲ್ಲ ಗದ್ದಲ ಮಾಡುತ್ತ ಒಳಗೆ ನುಗ್ಗಿದರು. ಒಬ್ಬಳು ಆಗಲೇ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದಳು.

ಕೊನೆಗೆ ಮೆಟ್ಟಿಲು ಹತ್ತಿ ಬಂದವಳು ಮಾವಶಿ. ನನ್ನನ್ನು ನೋಡಿ ನಕ್ಕಳು, ಕೆಳಗೆ ಮಗ್ಗದ ಸದ್ದು ಕೇಳಿ "ಅಯ್ಯಪ್ಪಾ" ಎಂದಳು, ಚಪ್ಪಲಿ ಬಿಟ್ಟಳು. ಆಮೇಲೆ, ತೆರೆದೇ ಇದ್ದ ಆ ಕದವನ್ನು ಬೆರಳಿನಿಂದ ಎರಡು ಸಲ ತಟ್ಟಿ, ನಾನು ಬಾ ಅನ್ನುವವರೆಗೆ ಹೊರಗೇ ನಿಂತಳು.